ಫಿಲಡೆಲ್ಫಿಯಾದ ಫೀಮೇಲ್ ಹೀಬ್ರೂ ಬೆನೆವೊಲೆಂಟ್ ಸೊಸೈಟಿ: ಒಂದು ಸೇವೆಯ ವಿಮರ್ಶೆ

ಸೇವಾಸಂಸ್ಥೆಯೊಂದನ್ನು ಅಳೆಯುವಾಗ, ನೆರವು ಪಡೆದವರಿಂದ ಅದು ಪ್ರತಿಯಾಗಿ ಏನನ್ನು ಬಯಸಿತು ಎಂಬುದನ್ನು ನಾನು ಮೊದಲು ನೋಡುತ್ತೇನೆ. ಈ ದೃಷ್ಟಿಯಿಂದ, ಅಮೆರಿಕದ ಫಿಲಡೆಲ್ಫಿಯಾದಲ್ಲಿ 1819ರಲ್ಲಿ ಮಿಕ್ವೆ ಇಸ್ರೇಲ್ ಎಂಬ ಯೆಹೂದಿ ಪ್ರಾರ್ಥನಾಮಂದಿರದ, ಅಂದರೆ ಸಿನಗಾಗ್‌ನ ಮಹಿಳೆಯರು ಕಟ್ಟಿದ ಫೀಮೇಲ್ ಹೀಬ್ರೂ ಬೆನೆವೊಲೆಂಟ್ ಸೊಸೈಟಿಯ ಸೇವೆ ಬಹಳ ಎತ್ತರದಲ್ಲಿ ನಿಲ್ಲುತ್ತದೆ.

ಆ ಕಾಲದಲ್ಲಿ ಬಡವರಿಗೆ ನೆರವಾಗುತ್ತಿದ್ದ ಪ್ರಾಟೆಸ್ಟಂಟ್ ಕ್ರೈಸ್ತ ಸಂಘಗಳಲ್ಲಿ ಹಲವು ಅನ್ನ, ಬಟ್ಟೆಗಳ ಜೊತೆಗೆ ಧರ್ಮಬೋಧೆಯನ್ನೂ ಮಾಡುತ್ತಿದ್ದುದರಿಂದ, ಕಷ್ಟದಲ್ಲಿದ್ದ ಯೆಹೂದಿ ಕುಟುಂಬಗಳು ಹಸಿವು ಮತ್ತು ನಂಬಿಕೆಗಳ ನಡುವೆ ಸಿಲುಕುವ ಸ್ಥಿತಿಯಿತ್ತು. ಸೊಸೈಟಿಯ ಪ್ರಮುಖ ಸ್ಥಾಪಕಿ ರೆಬೆಕಾ ಗ್ರಾಟ್ಜ್ (1781–1869) 1801ರಿಂದಲೇ ಎಲ್ಲ ಧರ್ಮದ ಬಡ ಮಹಿಳೆಯರು ಮತ್ತು ಮಕ್ಕಳಿಗೆ ನೆರವಾಗುವ ಸಂಘವೊಂದರಲ್ಲಿ ದುಡಿದವರಾದ್ದರಿಂದ, ಈ ಇಕ್ಕಟ್ಟನ್ನು ಅವರು ಹತ್ತಿರದಿಂದ ಬಲ್ಲವರಾಗಿದ್ದರು. ಸಿನಗಾಗ್‌ನ ಆಡಳಿತದ ಆಶ್ರಯಕ್ಕೆ ಕಾಯದೆ ಮಹಿಳೆಯರೇ ಸ್ವತಂತ್ರವಾಗಿ ನಡೆಸಿದ ಅಮೆರಿಕದ ಮೊದಲ ಯೆಹೂದಿ ದತ್ತಿಸಂಘ ಇದು. ಆ ಧೈರ್ಯಕ್ಕೆ ನನ್ನ ಮೆಚ್ಚುಗೆ ಮನಃಪೂರ್ವಕವಾದದ್ದು.

ಸೇವೆಯ ಸ್ವರೂಪವೂ ವಿವೇಕದಿಂದ ಕೂಡಿತ್ತು. ಆಹಾರ, ವಸತಿ ಮತ್ತು ಚಳಿಗಾಲದಲ್ಲಿ ಅವುಗಳಷ್ಟೇ ಅಗತ್ಯವಾದ ಉರುವಲನ್ನು ಒದಗಿಸುವುದರಿಂದ ಆರಂಭಿಸಿದ ಸಂಘ, ಮುಂದೆ ಕೆಲಸ ಹುಡುಕಿಕೊಡುವ ವ್ಯವಸ್ಥೆಯನ್ನೂ ಪ್ರಯಾಣಿಕರಿಗೆ ನೆರವಾಗುವ ಏರ್ಪಾಡನ್ನೂ ಸೇರಿಸಿಕೊಂಡಿತು. ಇವುಗಳಲ್ಲಿ ಕೆಲಸ ಕೊಡಿಸುವ ವ್ಯವಸ್ಥೆಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಉರುವಲು ಒಂದು ಚಳಿಗಾಲವನ್ನು ದಾಟಿಸಿದರೆ, ಸಂಪಾದನೆ ಮುಂದಿನ ಚಳಿಗಾಲಕ್ಕೆ ಮತ್ತೊಬ್ಬರ ಮುಂದೆ ನಿಲ್ಲುವ ಅಗತ್ಯವನ್ನೇ ತಪ್ಪಿಸಬಲ್ಲದು. ಇದೇ ಮಹಿಳೆಯರ ಬಳಗದಿಂದ 1838ರಲ್ಲಿ ಹೀಬ್ರೂ ಸಂಡೇ ಸ್ಕೂಲ್ ಹುಟ್ಟಿತು. ಅಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ಮಹಿಳೆಯರೇ ಧಾರ್ಮಿಕ ಶಿಕ್ಷಣ ನೀಡಿದರು. 1855ರ ಹೊತ್ತಿಗೆ ಆಸರೆಯಿಲ್ಲದ ಯೆಹೂದಿ ಮಕ್ಕಳಿಗಾಗಿ ಪೋಷಣಾಗೃಹವೂ ಗ್ರಾಟ್ಜ್ ಅವರ ಪ್ರಯತ್ನದಿಂದ ಸಿದ್ಧವಾಯಿತು.

ಮಿತಿಗಳೂ ಇದ್ದವು. ನೆರವು ಫಿಲಡೆಲ್ಫಿಯಾದ ಯೆಹೂದಿಯರಿಗಷ್ಟೇ ಮೀಸಲಾಗಿತ್ತು. ಸಣ್ಣ ಸಮುದಾಯವೊಂದು ತನ್ನವರನ್ನು ತಾನೇ ನೋಡಿಕೊಳ್ಳಲು ಹೊರಟಾಗ ಇದು ಸಹಜವೆಂದೇ ನಾನು ಭಾವಿಸುತ್ತೇನೆ. ಆದರೆ ಯಾರು ಅರ್ಹರು ಎಂಬ ತೀರ್ಮಾನ ಅನುಕೂಲಸ್ಥ ಮನೆತನಗಳ ಮಹಿಳೆಯರ ಕೈಯಲ್ಲಿದ್ದುದು, ನೆರವು ಕೇಳಲು ಬಂದವರಿಗೆ ಎಷ್ಟೋ ಸಲ ಸಂಕೋಚ ತಂದಿರಬಹುದು.

ಇಷ್ಟಾದರೂ ಸಂಘ ಬಾಳಿದ್ದು ಅದರ ಶಿಸ್ತಿನಿಂದ. ಗ್ರಾಟ್ಜ್ ಅವರು ಸುಮಾರು 40 ವರ್ಷ ಕಾರ್ಯದರ್ಶಿಯಾಗಿ ದುಡಿದರು. ದಾನಿಗಳ ಉತ್ಸಾಹ ಇಳಿದಾಗಲೂ ನೆರವು ನಿಲ್ಲದಂತೆ ಕಾಯುವುದು ಇಂಥ ಪತ್ರವ್ಯವಹಾರ ಮತ್ತು ದಾಖಲೆಗಳ ಕೆಲಸವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.