ಅಮೆರಿಕದಲ್ಲಿ ಇಂಗ್ಲೆಂಡಿನ ದಿನಸಿ: ಆರು ವರ್ಷ ಕೊಂಡು, ತಿಂದು, ಬೈದುಕೊಂಡ ಮೇಲೆ

ಹಾಸನ ಬಿಟ್ಟು ಇಂಗ್ಲೆಂಡಿನ ಸ್ಲೌ ಊರು ಸೇರಿದಾಗ ನಾವು ಅಂಗಡಿ ಅಂಗಡಿ ಅಲೆದದ್ದು ಹುರುಳಿಕಾಳಿಗೆ, ಬ್ಯಾಡಗಿ ಮೆಣಸಿನಕಾಯಿಗೆ. ಹನ್ನೆರಡು ವರ್ಷವಾದ ಮೇಲೆ, 2019ರಲ್ಲಿ, ಅಲ್ಲಿಂದ ಗಂಟುಮೂಟೆ ಕಟ್ಟಿ ಅಮೆರಿಕದ ನ್ಯೂಜೆರ್ಸಿಗೆ ಬಂದೆವು. ಇಲ್ಲಿ ಹುರುಳಿಕಾಳು ಮೊದಲ ವಾರವೇ ಸಿಕ್ಕಿತು. ಸಿಗದೆ ಸತಾಯಿಸಿದ್ದು ಮಗಳ ಡೈಜೆಸ್ಟಿವ್ ಬಿಸ್ಕತ್ತು. ಸ್ಲೌನಲ್ಲೇ ಹುಟ್ಟಿ ಬೆಳೆದ ಅವಳಿಗೆ ಆಗ ಒಂಬತ್ತು ವರ್ಷ. ಅವಳ ಪಾಲಿಗೆ ತವರಿನ ತಿಂಡಿ ಎಂದರೆ ಅದೇ.

ಅಂದಿನಿಂದ ಸೂಪರ್‌ಮಾರ್ಕೆಟ್, ಆನ್‌ಲೈನ್ ಅಂಗಡಿ, ಮ್ಯಾನ್‌ಹಟನ್‌ನ ಬ್ರಿಟಿಷ್ ಅಂಗಡಿ, ನಮ್ಮವರ ದಿನಸಿ ಅಂಗಡಿ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಆತುರದಲ್ಲಿರುವವರಿಗೆ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಬ್ರಿಟಿಷ್ ಬಾವುಟ ಹಚ್ಚಿದ ಅಂಗಡಿಗೆ ದುಡ್ಡು ಸುರಿಯುವ ಮುಂಚೆ ಭಾರತೀಯ ಅಂಗಡಿಯ ಕಪಾಟುಗಳನ್ನು ಒಮ್ಮೆ ಕಣ್ಣಾಡಿಸಿ ಬನ್ನಿ. ನಾವು ಸಸ್ಯಾಹಾರಿಗಳು, ಆದ್ದರಿಂದ ಸಾಸೇಜು, ಬೇಕನ್ ವಿಷಯ ನನ್ನನ್ನು ಕೇಳಬೇಡಿ.

ಮೊದಲು ಸೂಪರ್‌ಮಾರ್ಕೆಟ್. ಇಲ್ಲಿನ ದೊಡ್ಡ ಅಂಗಡಿಗಳಲ್ಲಿ ಪರದೇಶದ ತಿನಿಸುಗಳಿಗೆಂದೇ ಒಂದು ಸಾಲು ಇರುತ್ತದೆ. ಅದರಲ್ಲಿ ಇಂಗ್ಲೆಂಡಿಗೆ ಸಿಗುವುದು ಹೆಚ್ಚೆಂದರೆ ಎರಡು ಮೊಳ ಜಾಗ. ಆದರೂ ಆ ಎರಡು ಮೊಳದಲ್ಲಿ ಮೆಕ್‌ವಿಟೀಸ್ ಡೈಜೆಸ್ಟಿವ್, ಪಿಜಿ ಟಿಪ್ಸ್ ಚಹಾ, ಬ್ರೆಡ್ಡಿಗೆ ಸವರುವ ಮಾರ್ಮೈಟ್, ಹೈನ್ಜ್ ಬೀನ್ಸ್ ಇಷ್ಟಂತೂ ಬಹುತೇಕ ಸಿಗುತ್ತವೆ. ಬೀನ್ಸ್ ವಿಷಯದಲ್ಲಿ ಒಂದು ಎಚ್ಚರಿಕೆ. ಬಂದ ಹೊಸತರಲ್ಲಿ ಇಲ್ಲಿನದೇ ಒಂದು ಡಬ್ಬಿ ತಂದು, ಬಿಸಿ ಮಾಡಿ, ಬೆಣ್ಣೆ ಹಚ್ಚಿದ ಟೋಸ್ಟ್ ಮೇಲೆ ಸುರಿದು ಮೇಜಿಗಿಟ್ಟೆ. ಮಗಳು ಒಂದು ಚಮಚ ತಿಂದು, "ಅಮ್ಮಾ, ಇದಕ್ಕೆ ಯಾರು ಬೆಲ್ಲ ಹಾಕಿದರು?" ಎಂದಳು. ಅಷ್ಟರಲ್ಲಿ ಯಜಮಾನರು ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದರು: ಹಂದಿಯ ಮಾಂಸ. ಅಮೆರಿಕದ ಬೇಕ್ಡ್ ಬೀನ್ಸ್‌ಗೆ ಕಂದು ಸಕ್ಕರೆ ಅಥವಾ ಕಾಕಂಬಿ, ಜೊತೆಗೆ ಹಂದಿಮಾಂಸದ ಚೂರು ಹಾಕುವುದು ಇಲ್ಲಿನ ವಾಡಿಕೆ. ಇಂಗ್ಲೆಂಡಿನದು ಟೊಮೆಟೊ ಸಾಸಿನದು, ಅಪ್ಪಟ ಸಸ್ಯಾಹಾರ. ತಮಾಷೆಯೆಂದರೆ ಹೈನ್ಜ್ ಹುಟ್ಟಿದ್ದು ಅಮೆರಿಕದ ಪಿಟ್ಸ್‌ಬರ್ಗ್ ಸೀಮೆಯಲ್ಲಿ. 1886ರಲ್ಲಿ ತನ್ನ ಸರಕನ್ನು ಲಂಡನ್ನಿನ ಫೋರ್ಟ್‌ನಮ್ ಅಂಡ್ ಮೇಸನ್ ಅಂಗಡಿಗೆ ಒಯ್ದು ಮಾರಿತು. ಈಗ ಅದೇ ಹೆಸರಿನ ಡಬ್ಬಿ ಇಂಗ್ಲೆಂಡಿನಿಂದ ಸಮುದ್ರ ದಾಟಿ ಬಂದು, ಹುಟ್ಟಿದ ದೇಶದಲ್ಲೇ ಪರದೇಶಿ ಸಾಲಿನಲ್ಲಿ ಕೂತಿದೆ. ಬೆಲೆ ಅಲ್ಲಿನ ಎರಡರಷ್ಟು. ಕೊಳ್ಳಿ, ಬೇರೆ ದಾರಿಯಿಲ್ಲ.

ಚಹಾಪುಡಿ ಸಿಕ್ಕಿತು, ಚಹಾ ಸಿಗಲಿಲ್ಲ. ಸ್ಲೌನಿಂದ ಪ್ರೀತಿಯಿಂದ ಹೊತ್ತು ತಂದ ಕೆಟಲನ್ನು ಪ್ಲಗ್ ಬದಲಿಸುವ ಅಡಾಪ್ಟರ್ ಹಾಕಿ ಹಚ್ಚಿದೆ. ನೀರು ಗುಂಯ್‌ಗುಟ್ಟಿತು, ನಿಟ್ಟುಸಿರು ಬಿಟ್ಟಿತು, ಆದರೆ ಕುದಿಯುವ ಮಾತೇ ಇಲ್ಲ. ಇಂಗ್ಲೆಂಡಿನ ವಿದ್ಯುತ್ತು 230 ವೋಲ್ಟ್, ಇಲ್ಲಿನದು 120. ಅರ್ಧ ವೋಲ್ಟಿಗೆ ಅರ್ಧ ಶಾಖ ಎಂದುಕೊಂಡಿದ್ದೆ. ಲೆಕ್ಕ ಹಾಗಿಲ್ಲವಂತೆ, ಅಲ್ಲಿ 3000 ವ್ಯಾಟ್ ಎಳೆಯುವ ಕೆಟಲ್ ಇಲ್ಲಿ ಅದರ ಕಾಲು ಪಾಲಿನಷ್ಟೇ ಕೆಲಸ ಮಾಡುತ್ತದೆ. ಒಂದು ಲೀಟರ್ ನೀರಿಗೆ ಏಳೆಂಟು ನಿಮಿಷ. ಇಲ್ಲಿಯೇ ಮಾರುವ ಕೆಟಲ್ 1500 ವ್ಯಾಟಿನದು, ಅದಕ್ಕೂ ನಾಲ್ಕು ನಿಮಿಷ ಬೇಕು. ಕೊನೆಗೆ ಗ್ಯಾಸ್ ಒಲೆಯ ಮೇಲೆ ಪಾತ್ರೆ ಇಟ್ಟೆ, ಹಾಸನದಲ್ಲಿ ಅಮ್ಮ ಇಡುತ್ತಿದ್ದ ಹಾಗೆ. ಸಮಸ್ಯೆ ಅಲ್ಲಿಗೆ ಮುಗಿಯಿತು. ಹೋಟೆಲುಗಳಲ್ಲಿ ಉಗುರುಬೆಚ್ಚಗಿನ ನೀರನ್ನೂ ಚಹಾದ ಚೀಲವನ್ನೂ ಬೇರೆ ಬೇರೆ ತಂದು ಮುಂದಿಡುವ ಪದ್ಧತಿಯ ಬಗ್ಗೆ ಏನೂ ಬರೆಯುವುದಿಲ್ಲ, ರಕ್ತದೊತ್ತಡ ಏರುತ್ತದೆ.

ಆನ್‌ಲೈನ್ ಅಂಗಡಿಗೆ ಬರುತ್ತೇನೆ. ಬ್ರಿಟಿಷ್ ದಿನಸಿಯನ್ನೇ ಮಾರುವ ತಾಣಗಳು ಇಲ್ಲಿ ಹಲವಿವೆ. ನಾನು ಖಾಯಂ ಗಿರಾಕಿಯಾಗಿದ್ದ ತಾಣದ ಹೆಸರು ಬೇಡ. ನಾಲ್ಕು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ತರಿಸಿದ್ದೇನೆ. ಚಳಿಗಾಲದಲ್ಲಿ ಕಳಿಸುವ ಪೆಟ್ಟಿಗೆ ಚಿನ್ನದಂಥದ್ದು; ಬ್ರಾನ್‌ಸ್ಟನ್ ಪಿಕಲ್ ಸೀಸೆಗೂ ಗೋಲ್ಡನ್ ಸಿರಪ್ ಡಬ್ಬಿಗೂ ಒಂದು ತರಚು ಗಾಯವಿಲ್ಲ. ಬೇಸಿಗೆಯಲ್ಲಿ ಮಾತ್ರ ಚಾಕೊಲೇಟ್ ತರಿಸಬೇಡಿ. ಜುಲೈಯಲ್ಲಿ ಬಂದ ಗ್ಯಾಲಕ್ಸಿ ಬಾರುಗಳು ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾಗಿ, ಮೈತುಂಬ ವಿಭೂತಿ ಬಳಿದುಕೊಂಡವರಂತೆ ಬೆಳ್ಳಗಾಗಿದ್ದವು. ತಿಂದರೆ ಹಾನಿಯಿಲ್ಲ, ಆದರೆ ಬಾಯಲ್ಲಿ ಮರಳು. ದೂರು ಕೊಟ್ಟಾಗ, "ಐಸ್ ಪ್ಯಾಕ್ ಆಯ್ಕೆ ಮಾಡಿಕೊಳ್ಳಬೇಕಿತ್ತು" ಎಂಬ ಉತ್ತರ ಬಂತು. ಮುಂದಿನ ಸಲ ಅದಕ್ಕೂ ದುಡ್ಡು ಕೊಟ್ಟೆ. ಐಸ್ ನೀರಾಗಿ ಡೈಜೆಸ್ಟಿವ್ ಪೊಟ್ಟಣದ ಲೇಬಲ್ಲನ್ನು ನೆನೆಸಿತು. ವಾಯಿದೆ ಮುಗಿಯಲು ಮೂರು ವಾರವಿದ್ದ ಬಿಸ್ಕತ್ತನ್ನು ಪೂರ್ಣ ಬೆಲೆಗೆ ಕಳಿಸಿದ್ದೂ ಉಂಟು.

ಕ್ಯಾಡ್‌ಬರಿ ಕಥೆ ಬೇರೆ. ಅಮೆರಿಕದಲ್ಲಿ ಆ ಹೆಸರಿನ ಚಾಕೊಲೇಟ್ ತಯಾರಿಸುವ ಹಕ್ಕು 1988ರಿಂದ ಹರ್ಷೀಸ್ ಕಂಪನಿಯ ಕೈಯಲ್ಲಿದೆ. ಇಂಗ್ಲೆಂಡಿನ ಡೈರಿ ಮಿಲ್ಕ್ ಲಕೋಟೆಯಲ್ಲಿ ಪದಾರ್ಥಗಳ ಪಟ್ಟಿ ಹಾಲಿನಿಂದ ಶುರುವಾದರೆ, ಇಲ್ಲಿನದು ಸಕ್ಕರೆಯಿಂದ. 2014ರಲ್ಲಿ ಕಂಪನಿ ಒಬ್ಬ ಆಮದುದಾರರ ಮೇಲೆ ಮೊಕದ್ದಮೆ ಹೂಡಿತು. ಮರುವರ್ಷ ರಾಜಿಯಾಗಿ, ಅವರು ಬ್ರಿಟನ್ನಿನ ಕ್ಯಾಡ್‌ಬರಿ ತರಿಸುವುದನ್ನು ನಿಲ್ಲಿಸಿದರು. ಗ್ಯಾಲಕ್ಸಿಯನ್ನು ಮಾರ್ಸ್ ಕಂಪನಿ ಇಲ್ಲಿ ಡವ್ ಎಂಬ ಹೆಸರಿನಲ್ಲಿ ಮಾರುತ್ತದೆ. ಡವ್ ಎಂದರೆ ಸೋಪು ಎಂದುಕೊಂಡು ಬೆಳೆದ ನಾನು ಅದನ್ನು ಬಾಯಿಗಿಡಲು ಒಂದು ವರ್ಷ ತೆಗೆದುಕೊಂಡೆ.

ಮ್ಯಾನ್‌ಹಟನ್‌ನ ಹಡ್ಸನ್ ಸ್ಟ್ರೀಟ್‌ನಲ್ಲಿ 1985ರಿಂದ ಇರುವ ಮೈಯರ್ಸ್ ಆಫ್ ಕೆಸಿಕ್ ಅಂಗಡಿಗೆ ವರ್ಷಕ್ಕೊಮ್ಮೆ ಹೋಗುತ್ತೇವೆ. ಅವರ ಹೆಸರು ನಿಂತಿರುವುದು ಮಾಂಸದ ಕಡುಬುಗಳ ಮೇಲೆ. ನಮಗೆ ಗೋಡೆಯ ಕಪಾಟೇ ಗತಿ. ಮಗಳಿಗೆ ಅದು ತೀರ್ಥಯಾತ್ರೆ. ರೈಲಿನ ಖರ್ಚೂ ಸೇರಿಸಿದರೆ ದಿನನಿತ್ಯದ ದಿನಸಿಗೆ ಆಗುವ ಮಾತಲ್ಲ.

ಇನ್ನು ನಮ್ಮ ಓಕ್ ಟ್ರೀ ರೋಡ್. ಎಡಿಸನ್, ಐಸಲಿನ್ ಊರುಗಳ ನಡುವಿನ ಈ ರಸ್ತೆಯ ಭಾರತೀಯ ಅಂಗಡಿಗಳಿಗೆ ಕೊತ್ತಂಬರಿ ಸೊಪ್ಪಿಗೆಂದು ವಾರವಾರವೂ ಹೋಗುತ್ತಿದ್ದೆ. ಇಂಗ್ಲೆಂಡು ಅಲ್ಲೇ ಇದೆ ಎಂದು ಹೊಳೆಯಲು ಎರಡು ವರ್ಷ ಬೇಕಾಯಿತು. ಒಂದು ದಿನ ಕಡಲೆಹಿಟ್ಟಿಗೆ ಬಗ್ಗಿದಾಗ ಕೆಳಗಿನ ಸಾಲಿನಲ್ಲಿ ಕಂಡದ್ದು ಬರ್ಡ್ಸ್ ಕಸ್ಟರ್ಡ್ ಪುಡಿ. ಆನ್‌ಲೈನ್ ತಾಣ ಹೇಳುತ್ತಿದ್ದ ಬೆಲೆಯ ಅರ್ಧಕ್ಕೆ! ಪಕ್ಕದಲ್ಲಿ ಬ್ರೌನ್ ಅಂಡ್ ಪಾಲ್ಸನ್, ವೀಕ್‌ಫೀಲ್ಡ್. ಆಚೆ ಹಾರ್ಲಿಕ್ಸ್, ಬೋರ್ನ್‌ವಿಟಾ.

ಕಸ್ಟರ್ಡ್ ಪುಡಿಯನ್ನು ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಮಾಡಿದ್ದು ತನ್ನ ಹೆಂಡತಿಗಾಗಿ. ಆಕೆಗೆ ಮೊಟ್ಟೆ ಆಗುತ್ತಿರಲಿಲ್ಲ. ಮೊಟ್ಟೆ ಮುಟ್ಟದ ನಮ್ಮಂಥ ಮನೆಗಳಿಗೆ ಆ ಪುಡಿ ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ನೀವೇ ಮಾಡಿ ನೋಡಿ: ಡಬ್ಬಿಯಲ್ಲಿರುವಾಗ ಪುಡಿ ಬಿಳಿಚಿಕೊಂಡಿರುತ್ತದೆ, ನಸುಗೆಂಪು ಅನ್ನಬಹುದು. ಎರಡು ಚಮಚ ತಣ್ಣನೆಯ ಹಾಲು ಬಿದ್ದ ಕ್ಷಣ, ಅರಿಶಿನ ಕಲಸಿದಂತೆ, ಬಟ್ಟಲ ತಳದಿಂದ ಹಳದಿ ಏಳುತ್ತದೆ. ಅದನ್ನು ಕುದಿಯುವ ಹಾಲಿಗೆ ಬಿಟ್ಟು ಕೈಬಿಡದೆ ತಿರುವಬೇಕು. ಅಮ್ಮ ಅದನ್ನು ಆರಿಸಿ ಬಾಳೆಹಣ್ಣು, ದಾಳಿಂಬೆ, ದ್ರಾಕ್ಷಿ ಬೆರೆಸುತ್ತಿದ್ದರು. ಸ್ಲೌನಲ್ಲಿ ಪಕ್ಕದ ಮನೆಯ ಅಜ್ಜಿ ಅದನ್ನೇ ಬಿಸಿಬಿಸಿಯಾಗಿ ಸೇಬಿನ ಕ್ರಂಬಲ್ ಮೇಲೆ ಸುರಿದು ಕೊಟ್ಟಾಗ ನಾನು ಕಕ್ಕಾಬಿಕ್ಕಿಯಾಗಿದ್ದೆ. ಈಗ ಮನೆಯಲ್ಲಿ ಎರಡು ಪಂಗಡ: ನಾನು ತಣ್ಣಗಿನದರ ಕಡೆ, ಮಗಳು ಬಿಸಿಯ ಕಡೆ.

ಹಾರ್ಲಿಕ್ಸ್‌ನದೂ ಹೀಗೇ. ಇಂಗ್ಲಿಷರು ಅದನ್ನು ರಾತ್ರಿ ನಿದ್ದೆ ಬರಲೆಂದು ಕುಡಿಯುತ್ತಾರೆ. ನಮ್ಮ ತಾಯಂದಿರು ಬೆಳಿಗ್ಗೆ ಶಕ್ತಿ ಬರಲೆಂದು ಕುಡಿಸಿ ಶಾಲೆಗೆ ಅಟ್ಟುತ್ತಿದ್ದರು. ಎರಡನೆಯ ಪೀರಿಯಡ್ಡಿನ ತೂಕಡಿಕೆಗೆ ಕಾರಣ ನನಗೆ ತಿಳಿದದ್ದು ಸ್ಲೌಗೆ ಹೋದ ಮೇಲೆ. ಅಲ್ಲಿ ನಮ್ಮ ಕಿಟಕಿಯಿಂದ ಹಾರ್ಲಿಕ್ಸ್ ಕಾರ್ಖಾನೆಯ ಎತ್ತರದ ಇಟ್ಟಿಗೆಯ ಚಿಮಣಿ ಕಾಣುತ್ತಿತ್ತು. ಆ ಪುಡಿಯನ್ನು ಕಂಡುಹಿಡಿದ ಹಾರ್ಲಿಕ್ ಸಹೋದರರು ಇಂಗ್ಲೆಂಡಿನವರೇ, ಆದರೆ ಮೊದಲು ಕಂಪನಿ ತೆರೆದದ್ದು 1873ರಲ್ಲಿ, ಅಮೆರಿಕದ ಷಿಕಾಗೋದಲ್ಲಿ. ಇಲ್ಲಿ ಈಗ ಸಿಗುವ ಭಾರತದ ಹಾರ್ಲಿಕ್ಸ್ ಇಂಗ್ಲೆಂಡಿನದಕ್ಕಿಂತ ಸಿಹಿ, ಅಷ್ಟು ಗಮನವಿರಲಿ. ಬೋರ್ನ್‌ವಿಟಾ ಇನ್ನೂ ವಿಚಿತ್ರ. ಬರ್ಮಿಂಗ್‌ಹ್ಯಾಮ್ ಪಕ್ಕದ ಬೋರ್ನ್‌ವಿಲ್ ಊರಿನಿಂದ ಬಂದ ಹೆಸರು ಅದು. ಬ್ರಿಟನ್ನಿನಲ್ಲಿ ಕ್ಯಾಡ್‌ಬರಿ ಕಂಪನಿ ಅದನ್ನು 2008ರಲ್ಲೇ ನಿಲ್ಲಿಸಿತು. ಓಕ್ ಟ್ರೀ ರೋಡಿನಲ್ಲಿ ಮಾತ್ರ ಕಿಲೋಗಟ್ಟಲೆ ಇದೆ.

ಅಲ್ಲಿ ಸಿಗದ್ದು ಮಾರ್ಮೈಟ್. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಬರ್ಟನ್ ಅಪಾನ್ ಟ್ರೆಂಟ್ ಊರಿನಲ್ಲಿ 1902ರಿಂದ ಮಾಡುವ ಕಪ್ಪು ಅಂಟು. ಮಗಳು ಅದನ್ನು ಬಿಸಿ ಅಕ್ಕಿರೊಟ್ಟಿಯ ಮೇಲೆ ಬೆಣ್ಣೆಯ ಜೊತೆ ಸವರಿಕೊಳ್ಳುತ್ತಾಳೆ. ಹಾಸನದಿಂದ ಬಂದಿದ್ದ ಅತ್ತೆ ಸೀಸೆಯ ಮುಚ್ಚಳ ತೆಗೆದು ಮೂಸಿ, "ಇದೇನಮ್ಮಾ, ಗಾಡಿಯ ಕೀಲೆಣ್ಣೆಯನ್ನು ಮಗುವಿಗೆ ತಿನ್ನಿಸುತ್ತಿದ್ದೀಯಲ್ಲ?" ಎಂದರು. ರುಚಿಗೆ ಅಡ್ಡಿಯಿಲ್ಲ, ಬೆಲೆಯೇ ಕಣ್ಣು ಕುಕ್ಕುತ್ತದೆ. ಆದರೆ ಬೆರಳ ತುದಿಯಷ್ಟು ಬಳಸುವುದರಿಂದ ಒಂದು ಸೀಸೆ ಐದಾರು ತಿಂಗಳು ಬರುತ್ತದೆ.

ಬಿಟ್ಟುಬಿಡಬಹುದಾದವೂ ಇವೆ. ಡಬಲ್ ಕ್ರೀಮಿಗೆ ಹುಡುಕಬೇಡಿ. ಅಲ್ಲಿನದರಲ್ಲಿ 48 ಪ್ರತಿಶತ ಕೊಬ್ಬು, ಇಲ್ಲಿನ ಹೆವಿ ಕ್ರೀಮಿಗೆ 36 ಇದ್ದರೆ ಸಾಕು, ಆದರೂ ಕೆಲಸ ನಡೆಯುತ್ತದೆ. ಪಿಜಿ ಟಿಪ್ಸ್ ಮುಗಿದ ದಿನ ರೆಡ್ ಲೇಬಲ್ ಹಾಕಿ ಕುದಿಸಿ, ಎರಡೂ ಬ್ರೂಕ್ ಬಾಂಡ್ ಮನೆಯ ಮಕ್ಕಳೇ. ಚೆಡ್ಡರ್ ಚೀಸನ್ನು ಮಾತ್ರ ನೋಡಿ ಕೊಳ್ಳಿ. ಅಲ್ಲಿ ಸಸ್ಯಾಹಾರಿ ಎಂದು ಲೇಬಲ್ಲಿನಲ್ಲೇ ಬರೆದಿರುತ್ತದೆ, ಇಲ್ಲಿ ಎಷ್ಟೋ ಸಲ ಹಾಲು ಹೆಪ್ಪುಗಟ್ಟಿಸಲು ಹಾಕಿದ್ದು ಪ್ರಾಣಿಯದೋ ಅಲ್ಲವೋ ಹೇಳದೆ, ಬರಿಯ ಎನ್‌ಜೈಮ್ ಎಂದು ಬರೆದು ಕೈತೊಳೆದುಕೊಂಡಿರುತ್ತಾರೆ.

ಯಾವ ಪರ್ಯಾಯವೂ ಒಗ್ಗದೆ ಹೋದದ್ದು ರೈಬೀನಾ, ಬ್ಲ್ಯಾಕ್‌ಕರಂಟ್ ಎಂಬ ಕಪ್ಪು ಹಣ್ಣಿನ ಶರಬತ್ತು. ಇಲ್ಲಿ ನೇರಳೆ ಬಣ್ಣದ ಮಿಠಾಯಿಯೆಂದರೆ ದ್ರಾಕ್ಷಿಯ ರುಚಿ, ಅಲ್ಲಿ ಬ್ಲ್ಯಾಕ್‌ಕರಂಟ್. ಹೊಸ ಶಾಲೆಯಲ್ಲಿ ಯಾರೋ ಕೊಟ್ಟ ನೇರಳೆ ಸ್ಕಿಟಲ್ಸ್ ಬಾಯಿಗೆ ಹಾಕಿಕೊಂಡು ಮಗಳು ಅತ್ತೇಬಿಟ್ಟಿದ್ದಳು. ಬ್ಲ್ಯಾಕ್‌ಕರಂಟ್ ಗಿಡದ ಮೂಲಕ ಪೈನ್ ಮರಗಳಿಗೆ ರೋಗ ಹರಡುತ್ತದೆಂದು ಕಳೆದ ಶತಮಾನದ ಆರಂಭದಲ್ಲಿ ಇಲ್ಲಿ ಅದನ್ನು ಬೆಳೆಯುವುದನ್ನೇ ನಿಷೇಧಿಸಿದ್ದರು. 1966ರಲ್ಲಿ ಕೇಂದ್ರದ ನಿಷೇಧ ಹೋಯಿತು, ನ್ಯೂಯಾರ್ಕ್ ರಾಜ್ಯ ಒಪ್ಪಿದ್ದು 2003ರಲ್ಲಿ. ಅಷ್ಟರಲ್ಲಿ ಜನರ ನಾಲಿಗೆ ಆ ಹಣ್ಣನ್ನು ಮರೆತೇ ಬಿಟ್ಟಿತ್ತು. ಬೆಂಗಳೂರಿನ ಐಸ್‌ಕ್ರೀಮ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಬ್ಲ್ಯಾಕ್‌ಕರಂಟ್ ರುಚಿಗೆ ಇಲ್ಲಿ ಇಷ್ಟು ಪರದಾಟ.

ಇಂಗ್ಲೆಂಡಿನಿಂದಲೇ ನೇರವಾಗಿ ಪಾರ್ಸೆಲ್ ತರಿಸುವ ದಾರಿ 2025ರ ಆಗಸ್ಟ್ 29ರಿಂದ ದುಬಾರಿಯಾಗಿದೆ. 800 ಡಾಲರ್‌ವರೆಗಿನ ಸರಕಿಗೆ ಇದ್ದ ಸುಂಕದ ವಿನಾಯಿತಿಯನ್ನು ಅಮೆರಿಕ ಅಂದಿನಿಂದ ತೆಗೆದುಹಾಕಿತು. ಹಾಗಾಗಿ ಈಗ ನಮ್ಮ ನಂಬಿಕೆ ಸ್ಲೌನ ಗೆಳತಿಯ ಸೂಟ್‌ಕೇಸಿನ ಮೇಲೆ. ಮುಂದಿನ ತಿಂಗಳು ಬರುತ್ತಾಳೆ. ಪಟ್ಟಿ ಕಳಿಸಿದ್ದೇನೆ: 240 ಚೀಲಗಳ ಚಹಾ ಪೊಟ್ಟಣ ಒಂದು, ಮಾರ್ಮೈಟ್ ಎರಡು, ಬೋರ್ನ್‌ವಿಲ್‌ನ ಡೈರಿ ಮಿಲ್ಕ್ ಎಷ್ಟು ಹಿಡಿಸುತ್ತದೋ ಅಷ್ಟು. ಕೊನೆಯಲ್ಲಿ ಮಗಳು ರೈಬೀನಾ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಬಾಟಲಿ ಒಡೆದರೆ ತನ್ನ ರೇಷ್ಮೆ ಸೀರೆಗಳ ಗತಿಯೇನು ಎಂದು ಗೆಳತಿ ಕೇಳಿದ್ದಾಳೆ. ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.