ಕಾಗದದ ವಿಮಾನಕ್ಕೆ ಯಾವ ಹಾಳೆ? 70ರಿಂದ 100 ಜಿಎಸ್‌ಎಂವರೆಗೆ ಒಂದು ಪರೀಕ್ಷೆ

ಸ್ಟೇಷನರಿ ಅಂಗಡಿಯಲ್ಲಿ ‘ಹತ್ತು ಎ4 ಶೀಟ್ ಕೊಡಿ’ ಎಂದರೆ ಬಿಚ್ಚಿಟ್ಟ ರೀಮ್‌ನಿಂದ (500 ಹಾಳೆಯ ಕಟ್ಟು) ಎಣಿಸಿ ಕೊಡುತ್ತಾರೆ. ಜೆರಾಕ್ಸ್‌ಗೆ ಅದು ಸಾಕು, ವಿಮಾನಕ್ಕೆ ಸಾಲದು. ನಮ್ಮ ಆಯ್ಕೆ 75 ಜಿಎಸ್‌ಎಂ (ಚದರ ಮೀಟರ್ ಕಾಗದಕ್ಕೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಕಾಪಿಯರ್ ಹಾಳೆ, ಅದೂ ಆಗಷ್ಟೇ ಬಿಚ್ಚಿದ ರೀಮ್‌ನದು.

ಒಂದು ಚದರ ಮೀಟರಿಗೆ ಹದಿನಾರು ಎ4 ಹಾಳೆ ಬರುತ್ತವೆ. ಜಿಎಸ್‌ಎಂ ಅಂಕಿಯನ್ನು 16ರಿಂದ ಭಾಗಿಸಿದರೆ ವಿಮಾನದ ತೂಕ ಗ್ರಾಂಗಳಲ್ಲಿ ಸಿಗುತ್ತದೆ. 70ಕ್ಕೆ ಸುಮಾರು 4.4, 75ಕ್ಕೆ 4.7, 80ಕ್ಕೆ 5, 100ಕ್ಕೆ 6.25. ನೋಡಲು ಚಿಲ್ಲರೆ ವ್ಯತ್ಯಾಸ, ಆದರೆ ಹಾರಾಟದಲ್ಲಿ ಎದ್ದು ಕಾಣುತ್ತದೆ. ಭಾರ ಹೆಚ್ಚಾದಷ್ಟೂ ವಿಮಾನ ತೇಲಲು ಹೆಚ್ಚು ವೇಗ ಬೇಕು, ಹಾಗಾಗಿ ಎಸೆತವೂ ಜೋರಾಗಿರಬೇಕು.

ಪರೀಕ್ಷೆಗೆ ಎರಡು ಮಾದರಿ ಸಾಕು. ಒಂದು, ಎಲ್ಲರಿಗೂ ಗೊತ್ತಿರುವ ಚೂಪು ಮೂತಿಯ ಡಾರ್ಟ್. ಇನ್ನೊಂದು, ನಕಮುರ ಲಾಕ್ ಎನ್ನುವ ತೇಲುವ ವಿಮಾನ. ಅದನ್ನು ಮಡಿಸುವುದು ಹೀಗೆ: ಹಾಳೆಯನ್ನು ಉದ್ದಕ್ಕೆ ಮಡಿಸಿ ಬಿಚ್ಚಿ, ಮೇಲಿನ ಎರಡು ಮೂಲೆಗಳನ್ನು ನಡುಗೆರೆಗೆ ತನ್ನಿ. ಆ ತ್ರಿಕೋನವನ್ನು ಪೂರ್ತಿ ಕೆಳಕ್ಕೆ ಮಗುಚಿ. ಈಗ ಮೇಲೆ ಮೂಡಿದ ಹೊಸ ಮೂಲೆಗಳನ್ನು ಮತ್ತೆ ನಡುಗೆರೆಗೆ ತರಬೇಕು, ಆದರೆ ತ್ರಿಕೋನದ ತುದಿಗಿಂತ ಎರಡೂವರೆ ಸೆಂಟಿಮೀಟರ್ ಮೇಲೆ ಅವು ಕೂಡಬೇಕು. ಕೆಳಗೆ ಇಣುಕುವ ಪುಟ್ಟ ತುದಿಯನ್ನು ಮೇಲೆತ್ತಿ ಎರಡೂ ಮೂಲೆಗಳ ಮೇಲೆ ಮಡಿಸಿದರೆ ಅದೇ ಬೀಗ. ಆಮೇಲೆ ಬೀಗ ಹೊರಗೆ ಕಾಣುವಂತೆ ಹಿಮ್ಮುಖವಾಗಿ ಅರ್ಧಕ್ಕೆ ಮಡಿಸಿ ರೆಕ್ಕೆ ಇಳಿಸುವುದು.

ಕಾಗದದ ಗುಣ ಬಯಲಾಗುವುದು ಈ ಬೀಗದಲ್ಲೇ. 70ರ ಹಾಳೆ ಬೆಣ್ಣೆಯಂತೆ ಮಡಿಯುತ್ತದೆ, ಆದರೆ ಜೋರಾಗಿ ಎಸೆದರೆ ರೆಕ್ಕೆಯ ಹಿಂದಿನ ಅಂಚು ಪಟಪಟ ಎನ್ನುತ್ತದೆ. ಮನೆಯೊಳಗೆ, ಮೆಲ್ಲಗೆ ಬಿಡಲು ಒಳ್ಳೆಯದು. 100ರದ್ದು ತಿರುಗುಮುರುಗು: ಬೀಗದ ಜಾಗದಲ್ಲಿ ಪದರ ಪದರವಾಗಿ ದಪ್ಪ ಕೂತು ಮಡಿಕೆ ಎದ್ದು ನಿಲ್ಲುತ್ತದೆ. ಬೆರಳಲ್ಲಿ ಒತ್ತಿದರೆ ಸಾಲದು, ಸ್ಕೇಲಿನ ಅಂಚಿನಿಂದ ತೀಡಬೇಕು. ಡಾರ್ಟ್ ಮಾದರಿಗೆ, ಮೈದಾನದ ದೂರದ ಎಸೆತಕ್ಕೆ ಮಾತ್ರ 100 ಕೊಳ್ಳಿ. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಕಾಲಿನ್ಸ್ ಮಡಿಸಿ, ಜೋ ಅಯೂಬ್ ಎಸೆದು 69.14 ಮೀಟರ್ ದಾಟಿಸಿದ ವಿಮಾನ 100 ಜಿಎಸ್‌ಎಂ ಎ4 ಹಾಳೆಯದೇ. ಅಯೂಬ್ ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ದೂರಕ್ಕೆ ಎಸೆಯುವ ಆಟಗಾರ) ಆಗಿದ್ದವರು ಎಂಬುದನ್ನೂ ಮರೆಯಬಾರದು. ಅಂಥ ತೋಳಿಲ್ಲದಿದ್ದರೆ ಭಾರದ ಹಾಳೆ ದುಡ್ಡು ದಂಡ.

75 ಮತ್ತು 80ರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಎರಡೂ ಎರಡು ಮಾದರಿಗೂ ಒಗ್ಗುತ್ತವೆ. ನೋಟ್‌ಬುಕ್ ಹಾಳೆ ತೆಳು, ಹರಿದ ಅಂಚು ಬೇರೆ. ನ್ಯೂಸ್‌ಪೇಪರ್ ಬೇಡವೇ ಬೇಡ. ಮಿರುಗುವ ಆರ್ಟ್ ಪೇಪರ್‌ನ ಲೇಪ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಲೀಗಲ್ ಹಾಳೆ ಉದ್ದವಾದ್ದರಿಂದ ಎ4ರ ಅಳತೆಯಲ್ಲೇ ಮಡಿಸಿದರೆ ಬಾಲ ಭಾರವಾಗಿ ಮೂತಿ ಮೇಲಕ್ಕೆದ್ದು ಮುಗ್ಗರಿಸುತ್ತದೆ.

ಜಿಎಸ್‌ಎಂಗಿಂತ ಹೆಚ್ಚು ಕಾಟ ಕೊಡುವುದು ತೇವ. ಕಾಗದದ ನಾರು ತೇವ ಹೀರಿದಾಗ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಉಬ್ಬುತ್ತದೆ. ಎ4 ಹಾಳೆಗಳಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೇ ಇರುವುದರಿಂದ ರೆಕ್ಕೆಯ ತುದಿ ಸುರುಳಿಕೊಳ್ಳುತ್ತದೆ, ಅದೂ ಎರಡೂ ಕಡೆ ಒಂದೇ ಸಮನಾಗಿ ಸುರುಳುವುದಿಲ್ಲ! ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಿಚ್ಚಿಟ್ಟ ರೀಮ್ ಒಂದೇ ವಾರದಲ್ಲಿ ಮೆತ್ತಗಾಗುತ್ತದೆ. ಹಾಳೆ ದಾಂಡೇಲಿಯ ಕಾರ್ಖಾನೆಯದೋ ಇನ್ನೆಲ್ಲಿಯದೋ ಎಂದು ಕೇಳುವ ಬದಲು, ರೀಮ್ ಬಿಚ್ಚಿ ಎಷ್ಟು ದಿನವಾಯಿತು ಎಂದು ಕೇಳಿ. ಲೇಸರ್ ಪ್ರಿಂಟರ್‌ನಿಂದ ಬಂದ ರದ್ದಿ ಹಾಳೆಯೂ ಬಿಸಿಗೆ ಬಾಗಿರುತ್ತದೆ. ದಪ್ಪ ಪುಸ್ತಕದಡಿ ರಾತ್ರಿಯಿಡೀ ಇಟ್ಟು ಬಳಸಬಹುದು.

ಕತ್ತರಿಸಿದ್ದು ಸರಿಯಿದೆಯೇ ಎಂದೂ ನೋಡಬೇಕು. ಎರಡು ಹಾಳೆ ತೆಗೆದು, ಒಂದನ್ನು ಬೆನ್ನು ಮೇಲಾಗಿ ಮಗುಚಿ ಇನ್ನೊಂದರ ಮೇಲಿಟ್ಟು, ಉದ್ದದ ಅಂಚು ಕೂಡಿಸಿ. ಗಿಡ್ಡ ಅಂಚುಗಳ ನಡುವೆ ಸಂದು ಕಂಡರೆ ಮೂಲೆ ಸೊಟ್ಟ. ಈ ವಿಧಾನದಲ್ಲಿ ಸೊಟ್ಟ ಇಮ್ಮಡಿಯಾಗಿ ಕಾಣುವುದರಿಂದ ಅರ್ಧ ಮಿಲಿಮೀಟರ್ ಕೂಡ ಕಣ್ಣಿಗೆ ಬೀಳುತ್ತದೆ.

ಒಳ್ಳೆಯ ಹಾಳೆಯಾದರೂ ಮೊದಲ ಎಸೆತಕ್ಕೇ ನೆಟ್ಟಗೆ ಹೋಗುವುದು ಅಪರೂಪ. ಮೂತಿ ಕೆಳಗಾಗಿ ಬಿದ್ದರೆ ಎರಡೂ ರೆಕ್ಕೆಯ ಹಿಂದಿನ ಅಂಚನ್ನು ಎರಡು ಮಿಲಿಮೀಟರ್ ಮೇಲಕ್ಕೆ ಬಾಗಿಸಿ. ಎದ್ದು ಮುಗ್ಗರಿಸಿದರೆ ಆ ಬಾಗನ್ನು ಇಳಿಸಿ. ಎಡಕ್ಕೆ ಹೊರಳಿದರೆ ಬಲ ರೆಕ್ಕೆಯ ಹಿಂದಂಚನ್ನಷ್ಟೇ ತುಸು ಎತ್ತಿ. 75ರ ಹಾಳೆ ಈ ಬಾಗನ್ನು ಹಿಡಿದುಕೊಳ್ಳುತ್ತದೆ, 70ರದ್ದು ನಾಲ್ಕೈದು ಎಸೆತಕ್ಕೇ ಮರೆತುಬಿಡುತ್ತದೆ.

ಗೋಡೆಗೆ ಬಡಿದು ಮೂತಿ ನಜ್ಜಾದರೆ ತಿದ್ದುತ್ತ ಕೂರಬೇಡಿ. ರೀಮ್‌ನಲ್ಲಿ ಇನ್ನೂ 499 ಇವೆ.