ಮನೆಯ ಸರ್ವರ್ ಹೇಳದೆ ಕೇಳದೆ ರೀಸ್ಟಾರ್ಟ್ ಆಗುತ್ತಿದ್ದರೆ: ಮೆಮ್‌ಟೆಸ್ಟ್86+ ಬಳಸಿ ನೋಡಿದ ಅನುಭವ

ಮೈಸೂರಿನ ನಮ್ಮ ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಹಗಲು ರಾತ್ರಿ ಚಾಲೂ ಇರುತ್ತದೆ. ಡೆಬಿಯನ್ ಎಂಬ ಲಿನಕ್ಸ್ ಹಾಕಿ, ನಾಲ್ಕು ಹಾರ್ಡ್ ಡಿಸ್ಕ್ ಜೋಡಿಸಿ ಅದನ್ನು ಮನೆಯ ಸರ್ವರ್ ಆಗಿ ಮಾಡಿಕೊಂಡಿದ್ದೇನೆ. ಇಪ್ಪತ್ತು ವರ್ಷಗಳ ಫೋಟೊಗಳು, ಜಮೀನಿನ ಪತ್ರಗಳ ಸ್ಕ್ಯಾನ್ ಪ್ರತಿಗಳು, ತೀರಿಕೊಳ್ಳುವ ಮೊದಲು ನಮ್ಮ ಅಜ್ಜಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣ, ಎಲ್ಲವೂ ಅದರಲ್ಲಿವೆ. ಕಳೆದ ವರ್ಷ ಮೆಮೊರಿಯನ್ನು 16 ಜಿಬಿಯಿಂದ 32 ಜಿಬಿಗೆ ಏರಿಸಿದ ಕೆಲವು ವಾರಗಳ ನಂತರ ಈ ಯಂತ್ರ ತಾನಾಗಿ ರೀಸ್ಟಾರ್ಟ್ ಆಗತೊಡಗಿತು. ಒಮ್ಮೆ ನಾಲ್ಕು ದಿನ ಸುಮ್ಮನೆ ಓಡಿದರೆ, ಇನ್ನೊಮ್ಮೆ ಮೂರು ಗಂಟೆಯೂ ನಿಲ್ಲುತ್ತಿರಲಿಲ್ಲ.

ಇಂಥ ತೊಂದರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಸಾಕ್ಷ್ಯವಿಲ್ಲದಿರುವುದು. ಹಿಂದಿನ ಬೂಟ್‌ನ ಲಾಗ್ ತೆಗೆದು ನೋಡಿದರೆ, ಬರೆಯುತ್ತಿದ್ದವರ ಕೈಯಿಂದ ಪೆನ್ನು ಕಿತ್ತುಕೊಂಡಂತೆ ಸಾಲು ಮಧ್ಯದಲ್ಲೇ ನಿಂತಿರುತ್ತಿತ್ತು. ಪರಿಚಯದ ತಂತ್ರಜ್ಞರೊಬ್ಬರಿಗೆ ತೋರಿಸಿದಾಗ ಅವರು ಯಂತ್ರವನ್ನು ಐದು ನಿಮಿಷ ನೋಡಿ, "ಓಎಸ್ ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಹೊಡೆದುಬಿಡೋಣ" ಎಂದರು. ನಾನು ಒಪ್ಪಲಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ಲಾಗ್‌ನಲ್ಲಿ ಒಂದು ಸುಳಿವು ಸಿಕ್ಕಿತ್ತು. ಯಂತ್ರ ಪೂರ್ತಿ ಬೀಳದ ದಿನಗಳಲ್ಲೂ ಯಾವುದಾದರೊಂದು ಪ್ರೋಗ್ರಾಂ ಸೆಗ್‌ಫಾಲ್ಟ್ ಆಗಿ, ಅಂದರೆ ತನ್ನದಲ್ಲದ ಮೆಮೊರಿ ಜಾಗಕ್ಕೆ ಕೈಹಾಕಿ, ನಿಂತಿರುತ್ತಿತ್ತು. ಇಂದು ಡೇಟಾಬೇಸ್, ನಾಳೆ ಪೈಥಾನ್, ನಾಡಿದ್ದು ಫೈಲ್ ಪ್ರತಿ ಮಾಡುವ ಸಾಧನ. ಸಾಫ್ಟ್‌ವೇರ್‌ನಲ್ಲಿ ದೋಷವಿದ್ದರೆ ಅದು ಬಹುಮಟ್ಟಿಗೆ ಒಂದೇ ಪ್ರೋಗ್ರಾಂನಲ್ಲಿ, ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ದಿನಕ್ಕೊಂದು ಪ್ರೋಗ್ರಾಂ, ದಿನಕ್ಕೊಂದು ಜಾಗ ಎಂದಾದರೆ ಅನುಮಾನ ಹಾರ್ಡ್‌ವೇರ್‌ನ ಮೇಲೆ, ಅದರಲ್ಲೂ ಮೊದಲಿಗೆ ಮೆಮೊರಿಯ ಮೇಲೆ ಹೋಗಬೇಕು. ಮನೆಯ ಸಾಮಾನ್ಯ ಯಂತ್ರಗಳ ರ‍್ಯಾಮ್‌ನಲ್ಲಿ ತಪ್ಪನ್ನು ಹಿಡಿದು ತಿದ್ದುವ ಇಸಿಸಿ ವ್ಯವಸ್ಥೆ ಇರುವುದಿಲ್ಲವಾದ್ದರಿಂದ ಒಂದು ಬಿಟ್ (0 ಅಥವಾ 1) ತಿರುಗಿಬಿದ್ದರೆ ಅದನ್ನು ಯಾರೂ ವರದಿ ಮಾಡುವುದಿಲ್ಲ.

ಆಗ ಕೈಹಿಡಿದದ್ದು ಮೆಮ್‌ಟೆಸ್ಟ್86+. ಇದು ಮೆಮೊರಿಯನ್ನು ಪರೀಕ್ಷಿಸುವ, ಉಚಿತವಾದ, ಮೂಲ ಸಂಕೇತವೂ ಮುಕ್ತವಾಗಿರುವ ಸಾಧನ. ಕ್ರಿಸ್ ಬ್ರೇಡಿ ಅವರ ಮೂಲ ಮೆಮ್‌ಟೆಸ್ಟ್86 ನಿಂದ 2004ರಲ್ಲಿ ಸ್ಯಾಮ್ಯುಯೆಲ್ ದೆಮ್ಯುಲ್‌ಮೀಸ್ಟರ್ ಅವರು ಬೇರೆ ಮಾಡಿ ಬೆಳೆಸಿದ ಶಾಖೆ ಇದು. ಮಾರ್ಟಿನ್ ವಿಟೇಕರ್ ಅವರ ಪಿಸಿಮೆಮ್‌ಟೆಸ್ಟ್ ಅನ್ನು ಆಧಾರವಾಗಿಟ್ಟು ಬಹುಪಾಲು ಹೊಸದಾಗಿ ಬರೆದ 6.00 ಆವೃತ್ತಿ 2022ರಲ್ಲಿ ಬಂದ ನಂತರ ಇದು ಯುಇಎಫ್‌ಐ (ಹಳೆಯ ಬಯಾಸ್‌ನ ಜಾಗಕ್ಕೆ ಬಂದ ಆರಂಭಿಕ ತಂತ್ರಾಂಶ) ಇರುವ ಯಂತ್ರಗಳಲ್ಲಿಯೂ ನೇರವಾಗಿ ಓಡುತ್ತದೆ. ಹೆಸರಿನ ಕೊನೆಯ ಪ್ಲಸ್ ಚಿಹ್ನೆಯನ್ನು ಗಮನಿಸಬೇಕು. ಪ್ಲಸ್ ಇಲ್ಲದ ಮೆಮ್‌ಟೆಸ್ಟ್86 ಈಗ ಪಾಸ್‌ಮಾರ್ಕ್ ಕಂಪನಿಯ ಪ್ರತ್ಯೇಕ ಉತ್ಪನ್ನ. ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕಿಕೊಂಡರೆ ಯಂತ್ರ ಆರಂಭವಾಗುವಾಗ ಬರುವ ಗ್ರಬ್ ಮೆನುವಿನಲ್ಲೇ ಕಾಣಿಸುತ್ತದೆ. ನಾನು ಪೆನ್ ಡ್ರೈವ್‌ಗೆ ಬರೆದುಕೊಂಡೆ; ನನ್ನ ಯಂತ್ರದಲ್ಲಿ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಯಿತು.

ಬೂಟ್ ಆದ ತಕ್ಷಣ ನೀಲಿ ಪರದೆ ಬಂದು ಪರೀಕ್ಷೆ ತಾನಾಗಿ ಆರಂಭವಾಗುತ್ತದೆ. ಆಪರೇಟಿಂಗ್ ಸಿಸ್ಟಂ ಇಲ್ಲದೆಯೇ ಓಡುವುದರಿಂದ ಅದು ಬಹುತೇಕ ಇಡೀ ಮೆಮೊರಿಯನ್ನು ತಡವಿ ನೋಡಬಲ್ಲದು. ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ಪರೀಕ್ಷೆಗಳಿವೆ: ಒಂದು ವಿನ್ಯಾಸವನ್ನು ಬರೆದು, ಓದಿ, ತಿರುಗಿಸಿ ಬರೆಯುವುದು, ದೊಡ್ಡ ದೊಡ್ಡ ಭಾಗಗಳನ್ನು ಜಾಗ ಬದಲಿಸುವುದು, ಕೊನೆಯದರಲ್ಲಿ ಮೆಮೊರಿ ತುಂಬಿಸಿ ಕೆಲವು ನಿಮಿಷ ಸುಮ್ಮನಿದ್ದು, ಬಿಟ್‌ಗಳು ಮಾಸಿವೆಯೇ ಎಂದು ನೋಡುವುದು. ಒಂದು ಸುತ್ತು ಮುಗಿದು ತಪ್ಪು ಸಿಗದಿದ್ದರೆ ಹಸಿರು ಬಣ್ಣದಲ್ಲಿ ದೊಡ್ಡದಾಗಿ ಪಾಸ್ ಎಂದು ಮೂಡುತ್ತದೆ.

ನನಗೂ ಮೊದಲ ಸುತ್ತಿಗೆ ಹಸಿರೇ ಮೂಡಿತು. ಬಹಳ ಜನ ಎಡವುವುದು ಇಲ್ಲಿಯೇ. ಮೊದಲ ಸುತ್ತಿನಲ್ಲಿ ಪುನರಾವರ್ತನೆಗಳನ್ನು ಕಡಿಮೆ ಇಟ್ಟಿರುತ್ತಾರೆ. ಎದ್ದು ಕಾಣುವ ದೋಷ ಬೇಗ ಸಿಗಲಿ ಎಂಬುದು ಅದರ ಉದ್ದೇಶ. ನಾನು ರಾತ್ರಿಯೆಲ್ಲ ಓಡಲು ಬಿಟ್ಟೆ. ಬೆಳಿಗ್ಗೆ ಹಾಲು ಕಾಯಿಸಲು ಎದ್ದು ಇಣುಕಿದಾಗ ಪರದೆಯ ಕೆಳಭಾಗದಲ್ಲಿ ಕೆಂಪು ಸಾಲುಗಳು ನಿಂತಿದ್ದವು, ಮೂರನೆಯ ಸುತ್ತಿನಲ್ಲಿ ಒಟ್ಟು ಏಳು. ಇರಬೇಕಾದ ಸಂಖ್ಯೆಯನ್ನೂ ಸಿಕ್ಕ ಸಂಖ್ಯೆಯನ್ನೂ ಒಂದರ ಪಕ್ಕ ಒಂದು ಇಟ್ಟು ಅಂಕಿ ಅಂಕಿಯಾಗಿ ಓದಿದೆ. ಏಳೂ ಸಾಲುಗಳಲ್ಲಿ ಒಂದೇ ಸ್ಥಾನದಲ್ಲಿ 8 ಇರಬೇಕಾದ ಕಡೆ 0 ಇತ್ತು, ಉಳಿದುದೆಲ್ಲ ಸರಿ. ಈ ಸಂಖ್ಯೆಗಳನ್ನು ಬರೆಯುವ ಹದಿನಾರರ ಪದ್ಧತಿಯಲ್ಲಿ 8ಕ್ಕೂ 0ಗೂ ಒಂದೇ ಬಿಟ್‌ನ ವ್ಯತ್ಯಾಸ, ಅಂದರೆ ಪ್ರತಿಬಾರಿಯೂ ಅದೇ ಒಂದು ಬಿಟ್. ಒಂದು ತಿಂಗಳಿಂದ ನಮ್ಮ ಮನೆಯ ಫೈಲುಗಳೆಲ್ಲ ಈ ಬಿಟ್‌ನ ಮೇಲೆ ಹಾದುಹೋಗಿದ್ದವು ಎಂದು ಹೊಳೆದಾಗ ಕೈಕಾಲು ತಣ್ಣಗಾದವು.

ಈ ಸಾಧನದ ನಿಜವಾದ ಕೊರತೆ ಇದರ ನಂತರ ಗೊತ್ತಾಗುತ್ತದೆ. ತಪ್ಪಿನ ವಿಳಾಸವನ್ನು ಹೇಳುತ್ತದೆಯೇ ಹೊರತು ಅದು ಯಾವ ಸ್ಲಾಟ್‌ನ ಯಾವ ಸ್ಟಿಕ್‌ನದು ಎಂದು ಹೇಳುವುದಿಲ್ಲ. ನಾಲ್ಕು ಸ್ಟಿಕ್‌ಗಳಿದ್ದರೆ ಒಂದೊಂದನ್ನೇ ಹಾಕಿ ನೋಡದೆ ಬೇರೆ ದಾರಿಯಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಮಾಡುವಂತೆ ಚಿನ್ನದ ಬಣ್ಣದ ಸಂಪರ್ಕ ಪಟ್ಟಿಯನ್ನು ಶಾಲೆ ಮಕ್ಕಳ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಊದಿ, ಎರಡೂ ತುದಿಯಲ್ಲಿ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆ. ಬಯಾಸ್‌ನಲ್ಲಿ ವೇಗ ಏರಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆಫ್ ಮಾಡಿ ಮೆಮೊರಿಯನ್ನು ಅದರ ಮೂಲ ವೇಗಕ್ಕೆ ಇಳಿಸಿದೆ, ಏಕೆಂದರೆ ನಾಲ್ಕೂ ಸ್ಲಾಟ್ ತುಂಬಿದಾಗ ಏರಿಸಿದ ವೇಗವೇ ಇಂಥ ತಪ್ಪುಗಳಿಗೆ ಕಾರಣವಾಗುವುದುಂಟು ಮತ್ತು ಆಗ ಸ್ಟಿಕ್ ಬದಲಿಸುವ ಅಗತ್ಯವೇ ಇರುವುದಿಲ್ಲ. ಒಂದು ಸ್ಟಿಕ್‌ಗೆ ಒಂದು ರಾತ್ರಿ. ಮೂರು ಸ್ಟಿಕ್‌ಗಳು ಶುದ್ಧವಾಗಿ ಹೊರಬಂದವು. ಹೊಸದಾಗಿ ತಂದ ಜೋಡಿಯಲ್ಲಿನ ಒಂದು ಮಾತ್ರ ಯಾವ ಸ್ಲಾಟ್‌ನಲ್ಲಿಟ್ಟರೂ ಅದೇ ಬಿಟ್‌ನಲ್ಲಿ ತಪ್ಪಿತು. ಸ್ಲಾಟ್ ಬದಲಿಸಿ ನೋಡುವುದನ್ನು ಬಿಡಬಾರದು, ಇಲ್ಲವಾದರೆ ಮದರ್‌ಬೋರ್ಡ್‌ನ ದೋಷಕ್ಕೆ ಒಳ್ಳೆಯ ಸ್ಟಿಕ್ ಬಲಿಯಾದೀತು. ವರದಿಯನ್ನು ಫೈಲ್ ಆಗಿ ಉಳಿಸುವ ಸೌಲಭ್ಯವೂ ಇಲ್ಲಿಲ್ಲ; ಪರದೆಯ ಫೋಟೊವನ್ನೇ ಅಂಗಡಿಯವರಿಗೆ ತೋರಿಸಿದೆ, ಅವರು ಮರುಮಾತಾಡದೆ ವಾರಂಟಿಯಲ್ಲಿ ಬದಲಿಸಿಕೊಟ್ಟರು.

ವಾರಂಟಿ ಮುಗಿದವರಿಗೂ ಇದರಲ್ಲಿ ಒಂದು ಉಪಾಯವಿದೆ. ಸೆಟ್ಟಿಂಗ್ಸ್‌ನಲ್ಲಿ ವರದಿಯ ರೂಪವನ್ನು ಬದಲಿಸಿದರೆ ಕೆಟ್ಟ ಜಾಗಗಳನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕೊಡುವ ಮೆಮ್‌ಮ್ಯಾಪ್ ರೂಪದಲ್ಲಿಯೇ ತೋರಿಸುತ್ತದೆ. ಅದನ್ನು ಬೂಟ್ ಸಾಲಿಗೆ ಸೇರಿಸಿದರೆ ಕರ್ನಲ್ ಆ ಜಾಗವನ್ನು ಮುಟ್ಟುವುದಿಲ್ಲ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿ ಬೋರ್ಡ್‌ಗೇ ಬೆಸುಗೆಯಾಗಿದ್ದರೆ ಇದು ದೊಡ್ಡ ಉಪಕಾರ. ಆದರೆ ಸರ್ವರ್‌ಗೆ ನಾನು ಇದನ್ನು ಹೇಳಲಾರೆ. ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು: ಮೆಮೊರಿಯ ಮೇಲೆ ಅನುಮಾನ ಇರುವವರೆಗೆ ಫೈಲ್ ಸಿಸ್ಟಂ ರಿಪೇರಿಗೆ ಕೈಹಾಕಬೇಡಿ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ರಿಪೇರಿ ಓಡಿಸಿದರೆ ಡಿಸ್ಕ್‌ನಲ್ಲಿ ಸರಿಯಾಗಿದ್ದುದೂ ತಪ್ಪಾಗಿ ತಿದ್ದಿಹೋಗಬಹುದು.

ಹೊಸ ಸ್ಟಿಕ್ ಬಂದ ಮೇಲೆ ಎಂಟು ಸುತ್ತು ಓಡಿಸಿದೆ, ಒಂದೂ ತಪ್ಪಿಲ್ಲ. ಸೆಗ್‌ಫಾಲ್ಟ್‌ಗಳು ನಿಂತವು. ಆದರೂ ಹತ್ತು ದಿನದ ಬಳಿಕ ಯಂತ್ರ ಮತ್ತೆ ಒಮ್ಮೆ ರೀಸ್ಟಾರ್ಟ್ ಆಯಿತು, ವಾರ ಬಿಟ್ಟು ಇನ್ನೊಮ್ಮೆ. ಎರಡೂ ಬಾರಿ ಸಮಯ ಬೆಳಗಿನ ಜಾವ ಎರಡು ಗಂಟೆ, ಅಂದರೆ ಬ್ಯಾಕಪ್‌ಗಾಗಿ ಮಲಗಿದ್ದ ನಾಲ್ಕೂ ಡಿಸ್ಕ್‌ಗಳು ಒಟ್ಟಿಗೆ ತಿರುಗಲು ಶುರುವಾಗುವ ಹೊತ್ತು. ಮೂರೂವರೆ ಇಂಚಿನ ಒಂದು ಡಿಸ್ಕ್ ತಿರುಗಲು ಆರಂಭಿಸುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಮೆಮ್‌ಟೆಸ್ಟ್ ಓಡುವಾಗ ಡಿಸ್ಕ್‌ಗಳಿಗೆ ಕೆಲಸವೇ ಇರುವುದಿಲ್ಲವಾದ್ದರಿಂದ ಈ ಭಾರ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಯಂತ್ರಕ್ಕೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್‌ನ ಫ್ಯಾನ್ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಎರಡು ಕೆಪಾಸಿಟರ್‌ಗಳ ತಲೆ ಪೂರಿಯಂತೆ ಉಬ್ಬಿತ್ತು. ಅದರ ಪೆಟ್ಟಿಗೆಯನ್ನು ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ನಾನು ಹೊಸದನ್ನೇ ತಂದು ಹಾಕಿದೆ. ಆಮೇಲೆ ಐದು ತಿಂಗಳಾಯಿತು, ನಾನು ಅಪ್‌ಡೇಟ್‌ಗೆಂದು ಮಾಡಿದ್ದನ್ನು ಬಿಟ್ಟರೆ ಯಂತ್ರ ರೀಸ್ಟಾರ್ಟ್ ಆಗಿಲ್ಲ.

ಹೀಗಾಗಿ ಈ ಸಾಧನದ ಹಸಿರು ಪಾಸ್ ಅನ್ನು ಮೆಮೊರಿಯ ಬಗ್ಗೆ ಮಾತ್ರ ನಂಬಬೇಕು, ಕೆಂಪು ಸಾಲನ್ನಂತೂ ಒಂದೇ ಇದ್ದರೂ ಕಡೆಗಣಿಸಬಾರದು. ಆ ಒಂದು ತಿಂಗಳಲ್ಲಿ ಪ್ರತಿ ಮಾಡಿದ್ದ ಫೈಲುಗಳನ್ನೆಲ್ಲ ಮೂಲದೊಂದಿಗೆ ಹೋಲಿಸಿದಾಗ ಹನ್ನೊಂದು ಫೋಟೊಗಳೂ ಅಜ್ಜಿಯ ಒಂದು ಪದವೂ ಕೆಟ್ಟಿದ್ದವು. ಫೋಟೊಗಳು ಫೋನಿನಲ್ಲಿದ್ದವು. ಪದದ ಮೂಲ ಮಂಡ್ಯದಲ್ಲಿರುವ ಸೋದರತ್ತೆಯ ಹಳೆಯ ಮೊಬೈಲಿನ ಕಾರ್ಡ್‌ನಲ್ಲಿ ಸಿಕ್ಕಿತು. ಮುಂದಿನ ಭಾನುವಾರವೇ ಹೋಗಿ ಪ್ರತಿ ಮಾಡಿಕೊಂಡು, ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ತಾಳೆಯಾಗುವುದನ್ನು ನೋಡಿದ ಮೇಲೆಯೇ ಕಾರ್ಡ್ ಹಿಂದಿರುಗಿಸಿದೆ.